ತಿಂಗಳಿಗೆ 1,500 ರೂಪಾಯಿ, ಬೀಳೋದು ಕಲಿಯಲಿಕ್ಕೆ

ತುಮಕೂರಿನ ಎಸ್.ಎಸ್. ಪುರಂ ಕಡೆ ಒಂದು ಜಿಮ್ಮಿನ ಮಹಡಿಯಲ್ಲಿ ಶನಿವಾರ, ಭಾನುವಾರ ಬೆಳಿಗ್ಗೆ ಆರೂವರೆಯಿಂದ ಎಂಟೂವರೆವರೆಗೆ ರೆಸ್ಲಿಂಗ್ ಕ್ಲಾಸು ನಡೆಯುತ್ತದೆ. ಪಾಯಿಂಟ್ ಕುಸ್ತಿ ಅಲ್ಲ. ಡಬ್ಲ್ಯೂಡಬ್ಲ್ಯೂಇ ಅಂತ ಟಿವಿಯಲ್ಲಿ ಬರುತ್ತದಲ್ಲ, ಆ ಥರದ್ದು. ಪಿಯುಸಿ ಓದುವ ನನ್ನ ಮಗಳು ಮೂರು ತಿಂಗಳು ಹೋದಳು. ಫೀಸು ತಿಂಗಳಿಗೆ 1,500 ರೂಪಾಯಿ. ಜಿಮ್ಮಿನ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಬೈಯುವುದೂ ಸ್ವಲ್ಪ ಇದೆ.

ಬೈಯುವುದನ್ನು ಮೊದಲೇ ಮುಗಿಸಿಬಿಡುತ್ತೇನೆ. ಪೋಸ್ಟರಿನಲ್ಲಿ ದೊಡ್ಡದಾಗಿ ರಿಂಗಿನ ಫೋಟೋ ಇತ್ತು. ಹೋಗಿ ನೋಡಿದರೆ ರಿಂಗೇ ಇಲ್ಲ, ಬರೀ ಮ್ಯಾಟು. ಎರಡು ಮ್ಯಾಟಿನ ನಡುವೆ ಕಾಲ್ಬೆರಳು ಸಿಕ್ಕಿಕೊಳ್ಳುವಷ್ಟು ಸಂದಿ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಜಾಗ ಇರಲಿಲ್ಲ. ನಾನೇ ಹಳೇ ಸೀರೆಯಲ್ಲಿ ಪರದೆ ಹೊಲಿದು ಕೊಟ್ಟೆ. ಅವರು ದುಡ್ಡು ಕೊಡಲಿಲ್ಲ, ನಾನೂ ಕೇಳಲಿಲ್ಲ. ಫಸ್ಟ್ ಏಡ್ ಡಬ್ಬಿಯೂ ಇರಲಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ನಾನು ಚಿಕ್ಕಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು. ನಮ್ಮಪ್ಪ ಗರಡಿಯಲ್ಲಿ ಬೆಳೆದವರು. ಚಿಕ್ಕವಳಿದ್ದಾಗ ಅಪ್ಪನಿಗೆ ಹಾಲಿನ ಚೊಂಬು ಹಿಡಿದು ಗರಡಿ ಮನೆ ಬಾಗಿಲವರೆಗೆ ಹೋಗುತ್ತಿದ್ದೆ. ಒಳಗೆ ಕಾಲಿಡುವ ಹಾಗಿರಲಿಲ್ಲ. ಆ ಮಣ್ಣನ್ನು ಹೆಣ್ಣುಮಕ್ಕಳು ಮೆಟ್ಟಬಾರದು ಅನ್ನುತ್ತಿದ್ದರು. ಎಣ್ಣೆ, ಅರಿಶಿನ ಬೆರೆಸಿದ ಕೆಮ್ಮಣ್ಣಿನ ವಾಸನೆ ಮಾತ್ರ ನನ್ನ ಪಾಲಿಗೆ ಬಂದದ್ದು. ಮಗಳು ಈ ಕ್ಲಾಸಿಗೆ ಸೇರುತ್ತಾಳೆ ಅಂದಾಗ ನಮ್ಮಣ್ಣ ಕೂಗಾಡಿದ. "ಗರಡಿ ಕಾಣದವರು ಎಂಥ ಪೈಲ್ವಾನರು? ಅದೆಲ್ಲ ನಾಟಕ" ಅಂದ. ಗರಡಿ ಬಾಗಿಲು ನನಗೆ ಯಾವತ್ತು ತೆಗೆದಿತ್ತು ಅಂತ ಕೇಳಬೇಕಿತ್ತು. ಆಗ ಬಾಯಿಗೆ ಬರಲಿಲ್ಲ.

ಮೊದಲ ದಿನ ಅವನೂ ಜೊತೆಗೆ ಬಂದ. ಕೋಚ್ ಮೂವತ್ತು ದಾಟಿದ ಹುಡುಗ.

"ಯಾವ ಗರಡಿನಪ್ಪಾ ನಿಂದು?"

"ಗರಡಿ ಇಲ್ಲ ಸಾರ್. ಬೈಕ್ ಶೋರೂಮಿನಲ್ಲಿದ್ದೆ. ಇಪ್ಪತ್ತಾರಕ್ಕೆ ಪಂಜಾಬಿಗೆ ಹೋಗಿ ಕಲಿತೆ."

ಅಣ್ಣ ನನ್ನ ಮುಖ ನೋಡಿದ. ನಾನು ಗೋಡೆ ಗಡಿಯಾರ ನೋಡಿದೆ.

ಮೊದಲ ಎರಡು ವಾರ ಬೀಳುವುದು ಬಿಟ್ಟು ಬೇರೇನೂ ಇಲ್ಲ. ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಬೀಳಬೇಕು. ಗಲ್ಲ ಎದೆಗೆ ಒತ್ತಿರಬೇಕು, ಇಲ್ಲದಿದ್ದರೆ ತಲೆ ಬಡಿಯುತ್ತದೆ. ಮೊಣಕೈ ಊರಬಾರದು. ಬೆನ್ನಿನ ಮೇಲ್ಭಾಗ ಅಗಲವಾಗಿ ತಾಗಬೇಕು, ಅದೇ ಹೊತ್ತಿಗೆ ಎರಡೂ ಅಂಗೈ ಮ್ಯಾಟಿಗೆ ಬಡಿಯಬೇಕು, ಉಸಿರು ಹೊರಗೆ ಬಿಡಬೇಕು. ದಿನಕ್ಕೆ ಐವತ್ತು ಸಲ. ಮಗಳ ಬೆನ್ನು ಕೆಂಪಾಗಿತ್ತು, ರಾತ್ರಿ ಬಿಸಿನೀರಿನ ಶಾಖ ಕೊಟ್ಟೆ. ಟಿವಿಯ ರಿಂಗು ಮೆತ್ತಗಿರುತ್ತದೆ ಅಂದುಕೊಂಡಿದ್ದೆ. ಕೆಳಗೆ ಕಬ್ಬಿಣದ ತೊಲೆ, ಅದರ ಮೇಲೆ ಹಲಗೆ, ತೆಳ್ಳನೆ ಫೋಮು, ಮೇಲೊಂದು ಕ್ಯಾನ್ವಾಸು, ಅಷ್ಟೇ ಅಂತೆ.

ನಮ್ಮಪ್ಪ ಜೀವಮಾನವೆಲ್ಲ ಹೇಳಿದ್ದು ಒಂದೇ ಮಾತು, ಬೆನ್ನಿಗೆ ಮಣ್ಣು ಹತ್ತಬಾರದು. ಹತ್ತಿದರೆ ಚಿತ್, ಸೋತ ಹಾಗೆ. ಇಲ್ಲಿ ನೋಡಿದರೆ ಬೆನ್ನು ನೆಲಕ್ಕೆ ಹಾಕುವುದೇ ಮೊದಲ ಪಾಠ. ನನಗೆ ನಗು ಬಂತು. ಅಣ್ಣನಿಗೆ ಬರಲಿಲ್ಲ.

ಆ ಬ್ಯಾಚಿನಲ್ಲಿ ಗುಬ್ಬಿ ಕಡೆಯ ಒಬ್ಬ ಹುಡುಗನಿದ್ದ. ಜಾತ್ರೆ ಕುಸ್ತಿಗಳಲ್ಲಿ ಆಡಿದವನು. ಅವನ ಹಿಡಿತ, ದಮ್ಮು ಬೇರೆ ಯಾರಿಗೂ ಇರಲಿಲ್ಲ. ಆದರೆ ಕೋಚ್ ಎತ್ತಿ ಹಾಕಿದ ತಕ್ಷಣ ಅವನ ಮೈ ತಾನಾಗಿ ಬಿಲ್ಲಿನ ಹಾಗೆ ಬಾಗುತ್ತಿತ್ತು. ಬೆನ್ನು ತಾಗಿಸಲು ಮೈ ಒಪ್ಪುತ್ತಿರಲಿಲ್ಲ, ಭಾರವೆಲ್ಲ ಕುತ್ತಿಗೆ ಮೇಲೆ. "ಅಪ್ಪನೂ ಹಿಂಗೇ ಮಾಡ್ತಿದ್ರು ಕಣೇ" ಅಂದ ಅಣ್ಣ, ಮೆಲ್ಲಗೆ. ಆ ಅಭ್ಯಾಸ ಬಿಡಿಸಲು ಕೋಚಿಗೆ ಎರಡು ತಿಂಗಳು ಹಿಡಿಯಿತು.

ಇನ್ನೊಬ್ಬ ಹುಡುಗನಿಗೆ ಐದನೇ ವಯಸ್ಸಿನಿಂದ ಇದರ ಹುಚ್ಚು. ಯಾರು ಹೇಗೆ ನಡೆದು ಬರುತ್ತಾರೆ, ಯಾರಿಗೆ ಯಾವ ಮ್ಯೂಸಿಕ್ಕು, ಎಲ್ಲ ಬಾಯಿಪಾಠ. ಮೂರನೇ ವಾರ "ಗೊತ್ತು ಬಿಡಿ ಸಾರ್" ಅಂತ ಗಲ್ಲ ಎತ್ತಿಕೊಂಡೇ ಬಿದ್ದ. ತಲೆ ಬಡಿದು ಕಣ್ಣು ಕತ್ತಲೆ ಬಂತು. ನಮ್ಮ ಹುಡುಗಿ ಕೆಳಗಿನ ಜ್ಯೂಸ್ ಅಂಗಡಿಗೆ ಓಡಿ ಐಸ್ ತಂದಳು. ಡಾಕ್ಟರು ನೋಡಿ ಪರವಾಗಿಲ್ಲ ಅಂದರು. ಕೋಚ್ ಅವನನ್ನು ಎರಡು ವಾರ ಮ್ಯಾಟ್ ಹತ್ತಲು ಬಿಡಲಿಲ್ಲ. ಡಬ್ಬಿ ಬಂದದ್ದು ಆಮೇಲೆ.

ಮಗಳಿಗೆ ಕುಸ್ತಿಯ ಅಭ್ಯಾಸವೂ ಇರಲಿಲ್ಲ, ಚಿಕ್ಕಂದಿನ ಹುಚ್ಚೂ ಇರಲಿಲ್ಲ. ಆಡುತ್ತಿದ್ದದ್ದು ಖೋ ಖೋ, ಇದನ್ನು ನೋಡಿದ್ದೇ ಹೋದ ವರ್ಷ. ನಾನು ಸೀರೆಗೆ ಫಾಲ್ಸ್ ಹಾಕುತ್ತಾ ಕೂತಾಗ ಫೋನಿನಲ್ಲಿ ಒಂದು ಮ್ಯಾಚ್ ತೋರಿಸಿದಳು. ಡಬ್ಲ್ಯೂಡಬ್ಲ್ಯೂಇ ಕಂಪನಿ ವರ್ಷಕ್ಕೊಮ್ಮೆ ನಡೆಸುವ ದೊಡ್ಡ ಶೋ ರೆಸಲ್‌ಮೇನಿಯಾ, 2021ರದ್ದು. ಸಾಶಾ ಬ್ಯಾಂಕ್ಸ್ ಚಿಕ್ಕಂದಿನಿಂದ ಇದೇ ಕನಸು ಕಂಡವಳು. ಬಿಯಾಂಕಾ ಬೆಲೇರ್ ಕಾಲೇಜಿನಲ್ಲಿ ಹರ್ಡಲ್ಸ್ ಓಡುತ್ತಿದ್ದವಳು, 2016ರಲ್ಲಿ ಕಂಪನಿಗೆ ಸೇರಿ ಅಲ್ಲೇ ಕಲಿತವಳು. ಗೆದ್ದದ್ದು ಬಿಯಾಂಕಾ. ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಗಿರುತ್ತದೆ, ಅದು ನನಗೂ ಗೊತ್ತು. ಆದರೆ ಇಬ್ಬರಲ್ಲಿ ಯಾರು ಆಮೇಲೆ ಬಂದವಳು ಅಂತ ಮಗಳು ಹೇಳುವವರೆಗೆ ನನಗಂತೂ ತಿಳಿಯಲಿಲ್ಲ. ಬಿಯಾಂಕಾ ತನ್ನ ಬಟ್ಟೆ ತಾನೇ ಹೊಲಿಯುತ್ತಾಳಂತೆ. ವಿಡಿಯೋ ನಿಲ್ಲಿಸಿ ಸೊಂಟದ ಹೊಲಿಗೆ ನೋಡಿದೆ. ಲೈಕ್ರಾ ಮೇಲೆ ಕಲ್ಲು ಕೂರಿಸುವುದು ಸುಮ್ನೆ ಅಲ್ಲ, ಎಳೆದರೆ ಉದುರುತ್ತವೆ. ಹರಿಯಾಣದ ಕವಿತಾ ದೇವಿ ಮೊದಲು ವೇಯ್ಟ್‌ಲಿಫ್ಟರ್. ಜಲಂಧರಿನಲ್ಲಿ, ಡಬ್ಲ್ಯೂಡಬ್ಲ್ಯೂಇಯಲ್ಲಿ ಆಡಿದ ಖಲಿಯ ಅಕಾಡೆಮಿಯಲ್ಲಿ ಕಲಿತು, 2017ರಲ್ಲಿ ಅಮೆರಿಕದ ರಿಂಗಿಗೆ ಸಲ್ವಾರ್ ಕಮೀಜಿನಲ್ಲೇ ಇಳಿದಳು. ಅದರ ಕಾಲಿನ ಸಂದಿ ಹರಿಯದಂತೆ ಹೊಲಿದವರು ಯಾರೋ, ಕೈಮುಗಿಯಬೇಕು.

ಅಣ್ಣನಿಗಾಗಿ ಇನ್ನೊಂದು. ಟೋಕಿಯೋ ಒಲಿಂಪಿಕ್ಸ್ ಕುಸ್ತಿಯಲ್ಲಿ 125 ಕೆ.ಜಿ. ಚಿನ್ನ ಗೆದ್ದ ಗೇಬಲ್ ಸ್ಟೀವ್ಸನ್‌ನನ್ನು ಇದೇ ಡಬ್ಲ್ಯೂಡಬ್ಲ್ಯೂಇ ಕರೆದು ಸೇರಿಸಿಕೊಂಡಿತು. 2024ರಲ್ಲಿ ಕೈಬಿಟ್ಟಿತು. "ಮತ್ತೆ ಕರ್ಟ್ ಆಂಗಲ್?" ಅಂತ ಅಣ್ಣ ಕೇಳಿದ. ಅವನು ಯಾವಾಗ ಇದನ್ನೆಲ್ಲ ಹುಡುಕಿ ನೋಡಿದನೋ! ಸರಿ, ಕರ್ಟ್ ಆಂಗಲ್ 1996ರ ಅಟ್ಲಾಂಟಾ ಚಿನ್ನದವನು, ಇಲ್ಲೂ ದೊಡ್ಡ ಹೆಸರು ಮಾಡಿದ. ಕುಸ್ತಿ ಬಂದರೆ ಕೆಡುಕು ಅಂತ ನಾನು ಹೇಳುತ್ತಿಲ್ಲ. ಅದೊಂದಿದ್ದರೆ ಸಾಕು ಅನ್ನುವುದು ಸುಳ್ಳು. ಚಿಕ್ಕಂದಿನ ಹುಚ್ಚಿಗೂ ಇದೇ ಮಾತು. ಜೊತೆಯವರನ್ನು ಎತ್ತಿ ಹಾಕುವಾಗ ಅವರ ಕುತ್ತಿಗೆ ನಮ್ಮ ಕೈಯಲ್ಲಿರುತ್ತದೆ. ಅದನ್ನು ಕಾಪಾಡಲು ಬರುತ್ತದೋ ಇಲ್ಲವೋ, ನಾನು ನೋಡುವುದು ಅದೊಂದನ್ನೇ. ಈ ಕೋಚ್ ಅದನ್ನು ಕಲಿಸುತ್ತಾನೆ. ಎತ್ತಿಸಿಕೊಳ್ಳುವವರು ತಾವೇ ಸ್ವಲ್ಪ ಚಿಮ್ಮಬೇಕು, ಎತ್ತುವವರು ಬೆನ್ನಿಗೆ ಕೈ ಕೊಟ್ಟು ಇಳಿಸಬೇಕು. ತಪ್ಪಿದರೆ ಅಲ್ಲೇ ನಿಲ್ಲಿಸಿ ಮತ್ತೆ ಮಾಡಿಸುತ್ತಾನೆ, ಎಷ್ಟು ಹೊತ್ತಾದರೂ.

ಅದಕ್ಕೇ ಐದಕ್ಕೆ ಮೂರೂವರೆ ಕೊಡುತ್ತೇನೆ. ರಿಂಗು ತಂದರೆ ನಾಲ್ಕು. ಸೇರಿಸುವವರು ಮಕ್ಕಳಿಗೆ ಟ್ರ್ಯಾಕ್ ಪ್ಯಾಂಟ್ ಬಿಗಿಯಾದದ್ದು ಕೊಡಿಸಿ, ಜಿಪ್ ಇರುವುದು ಬೇಡ, ಬೆನ್ನಿಗೆ ಚುಚ್ಚುತ್ತದೆ. ನಮ್ಮ ಹುಡುಗಿಗೆ ನಾನೇ ಡ್ರೆಸ್ ಹೊಲಿದಿದ್ದೇನೆ. ಮೊದಲ ಸಲ ಕಂಕುಳಲ್ಲಿ ಬಿಚ್ಚಿಕೊಂಡಿತು. ಒಂದು ತುಂಡು ಬಟ್ಟೆ ಜಾಸ್ತಿ ಸೇರಿಸಿದ ಮೇಲೆ ಗಟ್ಟಿಯಾಗಿ ನಿಂತಿದೆ. ನಾಲ್ಕನೇ ತಿಂಗಳ ಫೀಸೂ ಕಟ್ಟಿ ಬಂದೆ. ರಸೀದಿ ಇನ್ನೂ ಕೊಟ್ಟಿಲ್ಲ.