ಮೂರು ವರ್ಷ ಆಡಿಸಿದ ಪಝಲ್ ಸೆಟ್: ಮರದ್ದು ಗಟ್ಟಿ, ರಟ್ಟಿನದು ಅಷ್ಟಕ್ಕಷ್ಟೆ

ಈ ಸೆಟ್ ಕೊಂಡಾಗ ಮಗಳಿಗೆ ಎರಡು ವರ್ಷ, ಈಗ ಐದು. ಒಂದೇ ಡಬ್ಬಿಯಲ್ಲಿ ನಾಲ್ಕು ಬಗೆ ಇವೆ: ಕುಳಿಗಳಲ್ಲಿ ಆಕಾರಗಳನ್ನು ಕೂರಿಸುವ, ಹಿಡಿ ಇರುವ ಮರದ ಹಲಗೆ, 24 ತುಂಡಿನ ಮರದ ಜಿಗ್‌ಸಾ, 48 ತುಂಡಿನ ರಟ್ಟಿನ ಜಿಗ್‌ಸಾ, ಜೊತೆಗೊಂದು ಟ್ಯಾನ್‌ಗ್ರಾಮ್ (ಕೆಲವೇ ತುಂಡು ಜೋಡಿಸಿ ಬೇರೆ ಬೇರೆ ಆಕಾರ ಮಾಡುವ ಆಟ). ಕೊಂಡ ವಾರಕ್ಕೇ ಐದು ಸ್ಟಾರ್ ಕೊಡುವವರು ಬಹಳ ಜನ. ಆದರೆ ಮಕ್ಕಳ ಆಟದ ಸಾಮಾನಿನ ಹಣೆಬರಹ ಗೊತ್ತಾಗುವುದು ಹೊಸತನ ಹೋದ ಮೇಲೆ.

ಹಿಡಿ ಇರುವ ಹಲಗೆಗೆ ಪೂರ್ತಿ ಅಂಕ. ಪ್ರತಿ ಆಕಾರದ ಮೇಲೂ ಒಂದು ಪುಟ್ಟ ಮರದ ಹಿಡಿ. ಅದನ್ನು ಬೆರಳ ತುದಿಯಲ್ಲೇ ಹಿಡಿಯಬೇಕು, ಮುಷ್ಟಿಯಲ್ಲಿ ಆಗುವುದಿಲ್ಲ. ಮುಂದೆ ಪೆನ್ಸಿಲ್ ಹಿಡಿಯುವುದೂ ಅದೇ ಬೆರಳುಗಳು, ಅಲ್ವಾ? ಮೊದಮೊದಲು ತ್ರಿಕೋನವನ್ನು ಹೇಗೆಂದರೆ ಹಾಗೆ ಒತ್ತಿ ಕೂರಿಸಲು ನೋಡುತ್ತಿದ್ದಳು. ಆಮೇಲೆ ಕುಳಿಯ ಮೇಲಿಟ್ಟು ಅತ್ತಿತ್ತ ತಿರುಗಿಸತೊಡಗಿದಳು. ಇನ್ನಷ್ಟು ದಿನ ಕಳೆದ ಮೇಲೆ ಹಲಗೆಗೆ ತಾಗಿಸುವ ಮೊದಲೇ ತುಂಡನ್ನು ಸರಿಯಾಗಿ ತಿರುಗಿಸಿಕೊಂಡು ಟಕ್ ಅಂತ ಇಟ್ಟುಬಿಡುತ್ತಿದ್ದಳು. ಕೈ ಮಾಡುತ್ತಿದ್ದ ಕೆಲಸವನ್ನು ಕಣ್ಣು ಮಾಡತೊಡಗಿತ್ತು.

ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 53 ಮಕ್ಕಳನ್ನು ಅವರವರ ಮನೆಯಲ್ಲೇ, 26ರಿಂದ 46 ತಿಂಗಳ ವಯಸ್ಸಿನವರೆಗೆ ಗಮನಿಸಿ 2012ರಲ್ಲಿ ವರದಿ ಪ್ರಕಟಿಸಿದ್ದರು. ಪಝಲ್ ಆಡಿದ್ದ ಮಕ್ಕಳು ನಾಲ್ಕೂವರೆ ವರ್ಷದಲ್ಲಿ ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ಜೋಡಿಸುವ ಪರೀಕ್ಷೆಯಲ್ಲಿ ಮುಂದಿದ್ದರು. ಪಝಲ್‌ನಿಂದಲೇ ಹೀಗಾಯಿತು ಅಂತ ಇದರಿಂದ ಸಾಬೀತಾಗುವುದಿಲ್ಲ. ಹಾಗಾಗಿ ಡಬ್ಬಿಯ ಮೇಲಿನ ‘ಬುದ್ಧಿ ಹೆಚ್ಚಿಸುತ್ತದೆ’ ಎಂಬ ದಪ್ಪಕ್ಷರ ನೋಡಿ ಕೊಳ್ಳಬೇಡಿ.

ನನ್ನ ಅನುಭವದಲ್ಲಿ ತುಂಡಿಗಿಂತ ಪಕ್ಕದಲ್ಲಿ ಕೂತವರ ಮಾತೇ ಜಾಸ್ತಿ ಕೆಲಸ ಮಾಡುತ್ತದೆ. 24 ತುಂಡಿನದನ್ನೇ ನೋಡಿ. ಆರು ಸಾಲು, ಸಾಲಿಗೆ ನಾಲ್ಕು. ಅದರಲ್ಲಿ 16 ಅಂಚಿನವು, ಒಳಗಿನವು ಬರೀ ಎಂಟು. ‘ನೇರ ಬದಿ ಇರೋದನ್ನೆಲ್ಲ ಒಂದು ಕಡೆ ಹಾಕು’ ಅಂದರೆ ಸಾಕು, ದೊಡ್ಡ ಪಾಲು ಮುಗಿದಂತೆ. ‘ತಲೆಕೆಳಗಾಗಿದೆಯಾ ನೋಡು’, ‘ಮೂಲೆಗೆ ಎಷ್ಟು ನೇರ ಬದಿ ಬೇಕು?’ ಇಷ್ಟೇ ಮಾತು. ನಮ್ಮತ್ತೆಗೆ ಅಷ್ಟು ತಾಳ್ಮೆ ಇಲ್ಲ, ತಾವೇ ಇಟ್ಟುಬಿಡುತ್ತಿದ್ದರು. ಒಂದು ದಿನ ಇವಳೇ ಹೇಳಿದಳು, ‘ಅಜ್ಜಿ, ನೀನು ಇಡ್ಬೇಡ, ಸುಮ್ನೆ ಹೇಳು.’

ಇನ್ನು 48 ತುಂಡಿನದು. ಇದರ ಬಗ್ಗೆ ಒಳ್ಳೆಯ ಮಾತು ಕಡಿಮೆ. ಮೊದಮೊದಲ ಜಿಗ್‌ಸಾಗಳನ್ನೇ ನೋಡಿ: 1760ರ ದಶಕದಲ್ಲಿ ಲಂಡನ್ನಿನ ನಕ್ಷೆ ತಯಾರಕ ಜಾನ್ ಸ್ಪಿಲ್ಸ್‌ಬರಿ ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ಗಡಿಗಳ ಗುಂಟ ಕತ್ತರಿಸಿ ಮಾರಿದ್ದ. ಅಲ್ಲಿ ಆಕಾರವೇ ಪಾಠ. ಇಲ್ಲಿ ಎಲ್ಲ ತುಂಡೂ ಹೆಚ್ಚುಕಡಿಮೆ ಒಂದೇ ಅಚ್ಚು. ತಪ್ಪು ತುಂಡೂ ಸಲೀಸಾಗಿ ಕೂರುತ್ತದೆ! ಸಾಲದ್ದಕ್ಕೆ ಚಿತ್ರದ ಅರ್ಧ ಭಾಗ ಬರೀ ನೀಲಿ ಆಕಾಶ. ತನ್ನದು ಸರಿಯೋ ತಪ್ಪೋ ಅಂತ ಮಗುವಿಗೆ ತುಂಡೇ ಹೇಳಬೇಕು, ಇದು ಹೇಳುವುದಿಲ್ಲ. ವರ್ಷ ತುಂಬುವ ಮೊದಲೇ ಅಂಚಿನ ಕಾಗದ ಸುಲಿಯಿತು. ಒಂದು ತುಂಡು ಕಳೆದುಹೋಯಿತು, ಕಂಪನಿಯವರು ಬಿಡಿ ತುಂಡು ಕೊಡುವುದಿಲ್ಲವಂತೆ. ಈಗ ಆ ಜಿಗ್‌ಸಾ ಅಟ್ಟ ಸೇರಿದೆ.

ಟ್ಯಾನ್‌ಗ್ರಾಮ್ ಎರಡು ವರ್ಷ ಮೂಲೆಯಲ್ಲಿ ಬಿದ್ದಿತ್ತು. ಈಗ ದಿನಾ ಅದೇ ಬೇಕು. ಏಳೇ ತುಂಡು: ಐದು ತ್ರಿಕೋನ, ಒಂದು ಚೌಕ, ಒಂದು ಓರೆ ಆಯತ (ಸಮಾಂತರ ಚತುರ್ಭುಜ). ಮಜಾ ಇರುವುದು ಈ ಓರೆ ಆಯತದಲ್ಲಿ. ಉಳಿದವನ್ನೆಲ್ಲ ತಿರುಗಿಸಿದರೆ ಸಾಕು, ಇದನ್ನು ಮಾತ್ರ ಕೆಲವೊಮ್ಮೆ ಮಗುಚಿ ಹಾಕಬೇಕು. ಅದು ಹೊಳೆಯದೆ ದೊಡ್ಡವರೂ ತಲೆ ಕೆರೆದುಕೊಳ್ಳುತ್ತಾರೆ.

ಮೂರು ವರ್ಷದೊಳಗಿನ ಮಗು ಇದ್ದರೆ ಮರದ ಹಿಡಿಗಳನ್ನು ಆಗಾಗ ಎಳೆದು ನೋಡಿ. ನಮ್ಮದರಲ್ಲಿ ಒಂದು ಸಡಿಲವಾಗಿತ್ತು, ಬಾಯಿಗೆ ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರ. ತುಂಡುಗಳ ಹಿಂಬದಿಗೆ ಪಝಲ್‌ಗೊಂದು ಬಣ್ಣದ ಗುರುತು ಹಾಕಿದರೆ ಬೆರಕೆಯಾಗುವುದಿಲ್ಲ. ಒಟ್ಟು ಐದಕ್ಕೆ ಮೂರೂವರೆ ಕೊಡುತ್ತೇನೆ. ಮರದವು ಬಿಡಿಯಾಗಿ ಸಿಕ್ಕರೆ ಅವನ್ನಷ್ಟೇ ತೆಗೆದುಕೊಳ್ಳಿ.