ಎಳೆಮರಿಯ ಉಣ್ಣೆ ನೋಡಿ ಬೀಜದ ಟಗರು ಕೊಳ್ಳುವವರ ಗಮನಕ್ಕೆ

ಶಿರಾ, ಪಾವಗಡ, ಮಧುಗಿರಿ ಕಡೆ ಕುರಿ ಸಾಕುವವರಲ್ಲಿ ನಯವಾದ ಉಣ್ಣೆಯ ಮಿಶ್ರತಳಿ ಮಾಡಲು ಹೊರಟವರು ಯಾರಾದರೂ ಇದ್ದರೆ, ಆಗಷ್ಟೇ ಹಾಲು ಬಿಡಿಸಿದ ಟಗರುಮರಿಯನ್ನು "ಇದು ಬೀಜಕ್ಕೆಂದೇ ಆರಿಸಿಟ್ಟದ್ದು" ಎಂಬ ಬಾಯಿಮಾತಿನ ಮೇಲೆ ದಯವಿಟ್ಟು ಕೊಳ್ಳಬೇಡಿ. ಶಿರಾ ತಾಲ್ಲೂಕಿನ ನಮ್ಮ ಹಿಂಡಿಗೆ ಮಾರಾಟಗಾರರೊಬ್ಬರು ನಯವಾದ ಉಣ್ಣೆಗೆ ಹೆಸರಾದ ರಾಂಬುಲೆ ಎಂಬ ವಿದೇಶಿ ಕುರಿಯ ಮಿಶ್ರತಳಿಯದೆಂದು ಹೇಳಿ ಇಂಥದೇ ಮರಿಯೊಂದನ್ನು ಬೆಳೆದ ಟಗರಿನ ಬೆಲೆಗೆ ಕೊಟ್ಟರು. ಅದು ಹುಟ್ಟಿದ ದಿನ ಯಾವುದು, ತಾಯಿ ಯಾವುದು, ಒಂಟಿಯಾಗಿ ಹುಟ್ಟಿತೋ ಅವಳಿಯೋ ಎಂದು ಕೇಳಿದ್ದಕ್ಕೆ ದಾಖಲೆ ಆಮೇಲೆ ಕಳಿಸುತ್ತೇನೆ ಎಂದವರು ಕೊನೆಗೂ ಕಳಿಸಲಿಲ್ಲ.

ಕೊಂಡಾಗ ಮರಿಯ ಉಣ್ಣೆ ಕೈಗೆ ರೇಷ್ಮೆಯಂತೆ ಸಿಗುತ್ತಿತ್ತು. ವರ್ಷ ತುಂಬಿದ ಮೇಲೆ ಕತ್ತರಿಸಿದಾಗ ಹೆಗಲಿನ ಉಣ್ಣೆ ತಕ್ಕಮಟ್ಟಿಗೆ ನಯವಾಗಿಯೇ ಇತ್ತು. ಆದರೆ ತೊಡೆಯ ಮೇಲೆ ಸುಣ್ಣದ ಬಿಳುಪಿನ, ದಪ್ಪನೆಯ, ಬಗ್ಗಿಸಿದರೆ ಮುರಿಯುವ ಕೂದಲು ತುಂಬಿಕೊಂಡಿತ್ತು. ಇಂಥ ಕೂದಲಿಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ನೂಲಿನಲ್ಲೂ ಅದು ನಿಲ್ಲುವುದಿಲ್ಲ. ಅಷ್ಟು ಹೊತ್ತಿಗೆ ಹಿಂಡಿನ ಕುರಿಗಳು ಆ ಟಗರಿನಿಂದಲೇ ಗಬ್ಬವಾಗಿದ್ದವು. ಒಂದು ಟಗರಿಗೆ 25ರಿಂದ 30 ಕುರಿ ಬಿಡುವುದು ವಾಡಿಕೆಯಾದ್ದರಿಂದ, ಒಂದು ಕೆಟ್ಟ ಕುರಿಯಿಂದ ಆಗುವ ನಷ್ಟ ಒಂದೆರಡು ಮರಿಗಳಲ್ಲಿ ಮುಗಿದರೆ, ಕೆಟ್ಟ ಟಗರಿನಿಂದ ಆಗುವ ನಷ್ಟ ಆ ಸಾಲಿನ ಅಷ್ಟೂ ಮರಿಗಳಿಗೆ ಹರಡುತ್ತದೆ.

ಮಾರುವವರು ಹೇಳದ ಸಂಗತಿಯೆಂದರೆ, ಎಳೆಮರಿಯ ಉಣ್ಣೆ ಸಹಜವಾಗಿಯೇ ತೆಳ್ಳಗಿದ್ದು ವಯಸ್ಸಾದಂತೆ ದಪ್ಪವಾಗುತ್ತದೆ. ಹೊಟ್ಟೆಗೆ ಸಾಲದ ಮರಿಯ ಎಳೆ ಇನ್ನೂ ತೆಳ್ಳಗಾಗುವುದರಿಂದ, ಬಡಕಲು ಮರಿಯ ಉಣ್ಣೆಯೇ ಉತ್ತಮ ತಳಿಯದರಂತೆ ತೋರುವುದೂ ಉಂಟು. ತೂಕವೂ ಹೀಗೆಯೇ ಮೋಸ ಮಾಡುತ್ತದೆ: ಒಂಟಿಯಾಗಿ ಹುಟ್ಟಿ ತಾಯಿಯ ಹಾಲನ್ನೆಲ್ಲ ತಾನೇ ಕುಡಿದ ಮರಿ ದಷ್ಟಪುಷ್ಟವಾಗಿ ಕಾಣುತ್ತದೆ, ಅದಕ್ಕಿಂತ ಒಳ್ಳೆಯ ಗುಣವಿರುವ ಅವಳಿಮರಿ ಸಣ್ಣದೆಂಬ ಕಾರಣಕ್ಕೆ ಕಸಾಯಿಗೆ ಹೋಗುತ್ತದೆ. ಇದು ನನಗೆ ತುಂಬ ನೋವಿನ ವಿಷಯ.

ಹಾಗೆಂದು ಟಗರನ್ನು ಬೇಗ ಆರಿಸುವ ಪದ್ಧತಿಯನ್ನೇ ನಾನು ತಪ್ಪೆನ್ನುವುದಿಲ್ಲ. ಉಣ್ಣೆಯ ಎಳೆಯ ದಪ್ಪ ತಂದೆತಾಯಿಯಿಂದ ಮರಿಗೆ ಬಲವಾಗಿ ಇಳಿಯುವ ಗುಣ. ಬೇಗ ಆರಿಸಿದರೆ ಮೇವೂ ಉಳಿಯುತ್ತದೆ, ತಲೆಮಾರಿನಿಂದ ತಲೆಮಾರಿಗೆ ಸುಧಾರಣೆಯೂ ಬೇಗ ಕಾಣುತ್ತದೆ. ಆದರೆ ಹಾಲು ಬಿಡಿಸುವಾಗ ಮಾಡುವುದು ಮೊದಲ ಸೋಸುವಿಕೆ ಮಾತ್ರ. ಕೆಳದವಡೆ ಮೇಲಿನದಕ್ಕೆ ಕೂಡದ, ಬೀಜ (ವೃಷಣ) ಒಂದೇ ಇಳಿದಿರುವ, ಕಾಲು ಸೊಟ್ಟಗಿರುವ ಮರಿಗಳನ್ನು ಆಗ ತೆಗೆದುಹಾಕಿ, ಉಳಿದವುಗಳಲ್ಲಿ ಒಂಟಿಯನ್ನು ಒಂಟಿಯ ಜೊತೆ, ಅವಳಿಯನ್ನು ಅವಳಿಯ ಜೊತೆ ಹೋಲಿಸಿ, ಬೇಕಾದ್ದಕ್ಕಿಂತ ಹೆಚ್ಚೇ ಮರಿಗಳನ್ನು ಇಟ್ಟುಕೊಳ್ಳಬೇಕು. ಕೊನೆಯ ಆಯ್ಕೆ ವರ್ಷದ ಉಣ್ಣೆ ಕತ್ತರಿಸಿ ತೂಗಿದ ಮೇಲೆಯೇ ಆಗಬೇಕು.

ಕೊಳ್ಳುವವರು ವರ್ಷ ದಾಟಿ, ಹಾಲುಹಲ್ಲು ಬಿದ್ದ ಜಾಗದಲ್ಲಿ ಎರಡು ದೊಡ್ಡ ಹಲ್ಲು ಮೂಡುವ ವಯಸ್ಸಿನ ಟಗರನ್ನೇ ನೋಡಿ. ಹೆಗಲು, ಪಕ್ಕೆ, ತೊಡೆ ಮೂರೂ ಕಡೆ ಉಣ್ಣೆ ಬಿಡಿಸಿ, ಬೆಳಕಿಗೆ ಹಿಡಿದು ಪರೀಕ್ಷಿಸಿ. ಕಿವಿಗೆ ಹಾಕಿದ ಗುರುತಿನ ಬಿಲ್ಲೆಯ ಸಂಖ್ಯೆ ದಾಖಲೆ ಪುಸ್ತಕದಲ್ಲಿ ಇದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿದ ಮೇಲೆ ಹಣ ಕೊಡಿ. ಈಗಾಗಲೇ ಇಂಥ ಟಗರು ಹಿಂಡಿಗೆ ಬಂದಿದ್ದರೆ ಅದರ ಗಂಡುಮರಿಗಳನ್ನೆಲ್ಲ ಬೀಜ ಒಡೆಸಿ ಮಾಂಸಕ್ಕೆ ಬೆಳೆಸಿ, ಹೆಣ್ಣುಮರಿಗಳಲ್ಲಿ ತೊಡೆಯ ಉಣ್ಣೆ ಒರಟಾದವನ್ನು ಹಿಂಡಿನಲ್ಲಿ ಉಳಿಸಬೇಡಿ.