ಊರಿನ ಥಿಯೇಟರ್, ಬೆಂಗಳೂರಿನ ಮಾಲ್, ಮನೆ ಟಿವಿ: ಮೂರೂ ಕಡೆ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತುಮಕೂರಿನ ಹಳೇ ಥಿಯೇಟರಿಗೆ. ಸೀಟಿನ ಸ್ಪಂಜು ಕಿತ್ತು ಬಂದಿದ್ದರೂ ಸರಿ, ಇಂಟರ್‌ವಲ್‌ನಲ್ಲಿ ಟಾಯ್ಲೆಟ್ ಕಡೆ ಹೋಗೋಕೆ ಧೈರ್ಯ ಬರದಿದ್ದರೂ ಸರಿ. ಎಂಟೂವರೆ ಸಾವಿರ ಕೊಟ್ಟು ಟಿವಿಗೆ ಅಂತ ಸೌಂಡ್‌ಬಾರ್, ಅಂದರೆ ಉದ್ದನೆಯ ಸ್ಪೀಕರ್, ತಂದು ಕೈ ಸುಟ್ಟುಕೊಂಡ ಮೇಲಂತೂ ಇದರಲ್ಲಿ ನನಗೆ ಅನುಮಾನವೇ ಉಳಿದಿಲ್ಲ.

ಮನೆಯಲ್ಲಿ ನಾಲ್ಕು ಜನ. ನಾನು, ನಮ್ಮನೆಯವರು, ಒಂಬತ್ತನೇ ಕ್ಲಾಸಿನ ಮಗ, ಎಪ್ಪತ್ತೆರಡು ವರ್ಷದ ಅತ್ತೆ. ಅತ್ತೆ ಗುಬ್ಬಿಯವರು. 'ವೀರಣ್ಣನವರ ನಾಟಕ ಕಂಪನಿ ಊರಿನವಳು ಕಣಮ್ಮಾ ನಾನು, ನನಗೇ ಸಿನಿಮಾ ಹೇಳಿಕೊಡ್ತೀಯಾ' ಅಂತ ಆಗಾಗ ಗತ್ತು ತೋರಿಸುತ್ತಾರೆ. 2025ರಲ್ಲಿ ನಾವು ಎರಡು ಸಿನಿಮಾಗಳನ್ನು ಬೇರೆ ಬೇರೆ ಕಡೆ ನೋಡಿದೆವು. 'ಸು ಫ್ರಮ್ ಸೋ' ಊರಿನ ಥಿಯೇಟರಲ್ಲಿ, ಆಮೇಲೆ ಮನೆಯಲ್ಲಿ. 'ಕಾಂತಾರ ಚಾಪ್ಟರ್ 1' ಬೆಂಗಳೂರಿನ ಮಾಲ್‌ನಲ್ಲಿ, ಊರಿನಲ್ಲಿ, ಕೊನೆಗೆ ಮನೆಯಲ್ಲೂ. ಹುಚ್ಚು ಅನ್ನಿ, ಪರವಾಗಿಲ್ಲ.

'ಸು ಫ್ರಮ್ ಸೋ' ಬಿಡುಗಡೆಯಾಗಿದ್ದು ಜುಲೈ 25ಕ್ಕೆ. ದೊಡ್ಡ ಹೀರೋ ಇಲ್ಲ, ದೊಡ್ಡ ಕಟೌಟ್ ಇಲ್ಲ. ನೋಡಿದವರು ನೋಡದವರಿಗೆ ಹೇಳಿ ಹೇಳಿ ಓಡಿದ ಸಿನಿಮಾ ಅದು. ನಾವು ಹೋಗಿದ್ದು ಎರಡನೇ ಭಾನುವಾರ, ಫಸ್ಟ್ ಶೋಗೆ. ಬಾಲ್ಕನಿ ತುಂಬಿತ್ತು. ಅಶೋಕ ಅನ್ನೋ ಹುಡುಗ ಮಾಡಬಾರದ್ದು ಮಾಡಿ, ಸಿಕ್ಕಿಬೀಳುವ ಭಯಕ್ಕೆ ಮೈಮೇಲೆ ದೆವ್ವ ಬಂದ ಹಾಗೆ ನಾಟಕ ಆಡುತ್ತಾನೆ. ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರಿಗೆ ಊರೇ ನಂಬಿಬಿಡುತ್ತದೆ. ಅಲ್ಲಿಂದ ನಗು ಶುರು.

ಆದರೆ ಅದು ಮಂಗಳೂರು ಕಡೆಯ ಕನ್ನಡ. ಸಿನಿಮಾದ ರವಿಯಣ್ಣ ಅನ್ನೋ ಪಾತ್ರ ಮಾತಾಡಿದ್ದರಲ್ಲಿ ಅರ್ಧ ನಮಗೆ ತಲುಪುವಷ್ಟರಲ್ಲಿ ಮುಂದಿನ ಮಾತು ಬಂದಿರುತ್ತಿತ್ತು. ಅತ್ತೆ ಪ್ರತಿ ಸಲ 'ಏನಂದ ಅವನು, ಏನಂದ?' ಅಂತ ನನ್ನ ಮೊಣಕೈ ತಿವಿಯುತ್ತಿದ್ದರು. ನನಗೇ ಗೊತ್ತಿಲ್ಲ, ಏನು ಹೇಳಲಿ? ಅತ್ತೆಯ ಆ ಕಡೆ ಸೀಟಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಪುತ್ತೂರಿನವಳಂತೆ, ಇಲ್ಲಿ ಇಂಜಿನಿಯರಿಂಗ್ ಓದುತ್ತಾಳಂತೆ. 'ಅಜ್ಜಿ, ಅದು ಹೀಗೆ' ಅಂತ ಶುರು ಮಾಡಿದವಳು ಸಿನಿಮಾ ಮುಗಿಯೋವರೆಗೂ ಅತ್ತೆಗೆ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಇಡೀ ಥಿಯೇಟರ್ ನಕ್ಕ ಮೇಲೆ ಐದು ಸೆಕೆಂಡ್ ಬಿಟ್ಟು ಅತ್ತೆ ಒಬ್ಬರೇ ಜೋರಾಗಿ ನಗೋದು. ಅದನ್ನು ಕೇಳಿ ನಮ್ಮ ಸಾಲು ಮತ್ತೊಂದು ಸಲ ನಗೋದು. ಕೊನೆಯಲ್ಲಿ ಸುಲೋಚನಾಳ ಮಗಳು ಭಾನು ಕಥೆ ಬಂದಾಗ ಮಾತ್ರ ಆ ಹುಡುಗಿ ಸುಮ್ಮನಾದಳು. ಅಲ್ಲಿ ವಿವರಣೆ ಬೇಕಾಗಲಿಲ್ಲ.

ಸೆಪ್ಟೆಂಬರಲ್ಲಿ ಅದೇ ಸಿನಿಮಾ ಟಿವಿಯಲ್ಲಿ ಹಾಕಿದೆವು. ಅದೇ ಜೋಕು, ಅದೇ ಜನ. ಮಗ ಮೊಬೈಲ್ ನೋಡುತ್ತಿದ್ದ, ನಮ್ಮನೆಯವರು ಮಧ್ಯದಲ್ಲಿ ನಿಲ್ಲಿಸಿ ಫೋನ್ ಮಾತಾಡಿ ಬಂದರು, ಅತ್ತೆಗೆ ತೂಕಡಿಕೆ. ಸೆಕೆಂಡ್ ಹಾಫ್ ಸ್ವಲ್ಪ ಎಳೆದಿದ್ದಾರೆ ಅಂತ ನನಗೆ ಮೊದಲ ಸಲ ಅನಿಸಿದ್ದೇ ಅವತ್ತು. ಥಿಯೇಟರಲ್ಲಿ ಆ ಯೋಚನೆ ಹತ್ತಿರವೂ ಸುಳಿದಿರಲಿಲ್ಲ.

ಈಗ ಬೆಂಗಳೂರು. 'ಕಾಂತಾರ' ದೊಡ್ಡ ಪರದೆಯಲ್ಲೇ ನೋಡಬೇಕು ಅಂತ ಮಗ ಹಠ ಹಿಡಿದ. ಅತ್ತೆ 'ಅಷ್ಟು ದೂರ ನನ್ನಿಂದಾಗಲ್ಲ' ಅಂದರು. ಮೂರು ಜನ ಕಾರಲ್ಲಿ ಹೊರಟೆವು. ಎಪ್ಪತ್ತು ಕಿಲೋಮೀಟರ್ ಅಷ್ಟೇ ತಾನೇ ಅಂತ ಎರಡು ಗಂಟೆ ಮೊದಲು ಹೊರಟಿದ್ದು ತಪ್ಪಾಯಿತು. ಗೊರಗುಂಟೆಪಾಳ್ಯದಲ್ಲಿ ನಿಂತಿದ್ದು ನಿಂತೇ ಇದ್ದೆವು. ಒಳಗೆ ಹೋದಾಗ ಇಪ್ಪತ್ತು ನಿಮಿಷದ ಸಿನಿಮಾ ಮುಗಿದಿತ್ತು. ಕದಂಬರ ಕಾಲದ ಕಥೆ, ಯಾರು ರಾಜ, ಯಾರು ಕಾಡಿನವರು ಅನ್ನೋದೇ ಗೊತ್ತಾಗದೆ ಕತ್ತಲಲ್ಲಿ ಸೀಟು ಹುಡುಕಿದೆವು. ನೀವು ಹೋಗೋದಾದರೆ ಕಾರನ್ನು ಮನೆಯಲ್ಲಿ ಬಿಡಿ, ಬಸ್ಸಲ್ಲಿ ಮಾದಾವರಕ್ಕೆ ಹೋಗಿ ಮೆಟ್ರೋ ಹತ್ತಿ. 2024ರ ನವೆಂಬರಿನಿಂದ ಹಸಿರು ಮಾರ್ಗ ಅಲ್ಲಿವರೆಗೂ ಬಂದಿದೆ.

ಟಿಕೆಟ್ ಒಂದಕ್ಕೆ 480. ರಾಜ್ಯ ಸರ್ಕಾರ ಸೆಪ್ಟೆಂಬರ್ 12ಕ್ಕೆ 200 ರೂಪಾಯಿ ಮಿತಿ ಹಾಕಿತ್ತು. ಹೈಕೋರ್ಟ್ 23ಕ್ಕೆ ತಡೆ ಕೊಟ್ಟಿತು. 'ಕಾಂತಾರ' ಬಂದಿದ್ದು ಅಕ್ಟೋಬರ್ 2ಕ್ಕೆ. ಒಂಬತ್ತು ದಿನದಲ್ಲಿ ನನ್ನ ದುಡ್ಡು ಉಳಿಯೋದು ತಪ್ಪಿಹೋಯಿತು. ಪಾಪ್‌ಕಾರ್ನು, ಕೂಲ್‌ಡ್ರಿಂಕ್ಸು, ಪಾರ್ಕಿಂಗು, ಪೆಟ್ರೋಲು, ಟೋಲು ಎಲ್ಲಾ ಸೇರಿ ಮೂರು ಸಾವಿರ ಮುಟ್ಟಿತು.

ಚಿತ್ರ, ಶಬ್ದದ ವಿಷಯದಲ್ಲಿ ಮಾಲ್‌ಗೆ ಸಾಟಿ ಇಲ್ಲ, ಅದನ್ನು ಒಪ್ಪಲೇಬೇಕು. ಆ ರಥದ ದೃಶ್ಯದಲ್ಲಿ ಗಾಲಿಯ ಸದ್ದು ಎಡಗಡೆಯಿಂದ ಬಂದು ಬೆನ್ನ ಹಿಂದೆ ಹೋಯಿತು. ಎಸಿ ಮಾತ್ರ ಜಾಸ್ತಿ. ಜನ ತುಂಬಾ ಶಿಸ್ತು. ಒಂದು ಶಿಳ್ಳೆ ಬಿದ್ದರೆ ನಾಲ್ಕು ತಲೆ ತಿರುಗುತ್ತವೆ.

ವಾರದ ನಂತರ ಅತ್ತೆಗೋಸ್ಕರ ಊರಿನ ಥಿಯೇಟರಿಗೆ ಹೋದೆವು. ಬಾಲ್ಕನಿ 150, ನಾಲ್ಕು ಜನಕ್ಕೆ 600. ಕೆಳಗಡೆ ಕೂತಿದ್ದರೆ ಇನ್ನೂ ಕಡಿಮೆ. ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಕೂಡ ಶೇ 5ಕ್ಕೆ ಇಳಿದಿದೆ. ಇಂಟರ್‌ವಲ್‌ನಲ್ಲಿ ಸಮೋಸ, ಹೊರಗೆ ಬಂದ ಮೇಲೆ ಚುರುಮುರಿ. ಪರದೆ ಸ್ವಲ್ಪ ಮಬ್ಬು ಹೌದು. ರಾತ್ರಿಯ ಕಾಡಿನ ದೃಶ್ಯಗಳಲ್ಲಿ ಯಾರು ಯಾರಿಗೆ ಹೊಡೆದರು ಅಂತ ಗೊತ್ತಾಗಲಿಲ್ಲ. ಆದರೆ ದೈವ ಮೈಮೇಲೆ ಬಂದಾಗ ಮುಂದಿನ ಸಾಲಿನ ಒಬ್ಬರು ಎದ್ದು ನಿಂತು ಚಪ್ಪಲಿ ಬಿಟ್ಟು ಕೈಮುಗಿದರು. ಅತ್ತೆ ಅವರನ್ನು ನೋಡಿ ತಾವೂ ಕಾಲಿನಿಂದ ಚಪ್ಪಲಿ ಸರಿಸಿದರು. ನಾನು ಆ ದೃಶ್ಯವನ್ನು ಎರಡನೇ ಸಲ ನೋಡುತ್ತಿದ್ದೆ, ಆದರೂ ಮೈ ಜುಮ್ಮೆಂದಿತು.

ಇನ್ನು ಮನೆ. ಇಲ್ಲಿ ನನ್ನ ಹೊಟ್ಟೆಯುರಿ ಸ್ವಲ್ಪ ವಿವರವಾಗಿ ಹೇಳಬೇಕು.

ಅಕ್ಟೋಬರ್ 31ಕ್ಕೇ 'ಕಾಂತಾರ' ಓಟಿಟಿಗೆ ಬಂತು. ಬಿಡುಗಡೆಯಾಗಿ ತಿಂಗಳೂ ಆಗಿರಲಿಲ್ಲ. ಮಾಲ್‌ನಲ್ಲಿ ಕಳೆದುಕೊಂಡಿದ್ದ ಆ ಮೊದಲ ಇಪ್ಪತ್ತು ನಿಮಿಷವನ್ನು ಇನ್ನೊಂದು ಸಲ ನಿಧಾನವಾಗಿ ನೋಡೋಣ ಅಂತ ಕೂತೆ. ಮಾತು ಕೇಳಿಸುತ್ತಿಲ್ಲ. ರಿಮೋಟಲ್ಲಿ ಸೌಂಡು 38ಕ್ಕೆ ಏರಿಸಿದೆ. ಆಗ ಮಾತು ಕೇಳಿಸಿತು. ಅಷ್ಟರಲ್ಲಿ ಡೊಳ್ಳು, ಕೊಂಬು, ಕೂಗು ಎಲ್ಲಾ ಒಟ್ಟಿಗೆ. ಕಿಟಕಿ ಗಾಜು ನಡುಗಿತು. 14ಕ್ಕೆ ಇಳಿಸಿದೆ. ಮತ್ತೆ ಪಿಸುಮಾತು. ಮತ್ತೆ 38. ಎರಡು ಮುಕ್ಕಾಲು ಗಂಟೆಯ ಸಿನಿಮಾ ಪೂರ್ತಿ ಹೆಬ್ಬೆರಳು ರಿಮೋಟ್ ಮೇಲೇ ಇತ್ತು. ಮಹಡಿ ಮನೆಯವರು ಕೆಳಗೆ ಬಂದು 'ಅಕ್ಕಾ, ಮಗು ಈಗ ತಾನೇ ಮಲಗಿದೆ' ಅಂದರು. ಮುಖ ಎಲ್ಲಿಡಲಿ?

ಟಿವಿ ಸ್ಪೀಕರ್ ಸಣ್ಣದು, ಅದಕ್ಕೇ ಹೀಗೆ ಅಂದುಕೊಂಡು ಸೌಂಡ್‌ಬಾರ್ ತಂದೆವು. ಅಂಗಡಿಯವರು 'ಥಿಯೇಟರ್ ಎಫೆಕ್ಟ್ ಮೇಡಂ' ಅಂದರು. ಎಫೆಕ್ಟ್ ಬಂತು, ಮಾತು ಬರಲಿಲ್ಲ. ಮೊದಲು ಗಾಜು ನಡುಗುತ್ತಿತ್ತು, ಈಗ ಶೋಕೇಸಿನ ಗೊಂಬೆಗಳೂ ನಡುಗಿದವು. ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು, ಡಬ್ಬ ಹರಿದಿತ್ತಂತೆ.

ಕಾರಣ ಆಮೇಲೆ ಗೊತ್ತಾಯಿತು. ಸಿನಿಮಾದ 5.1 ಸೌಂಡ್‌ನಲ್ಲಿ ಆರು ದಾರಿ. ಮುಂದೆ ಎಡ, ನಡು, ಬಲ, ಹಿಂದೆ ಎರಡು, ಗುಡುಗಿನಂಥ ಸದ್ದಿಗೆ ಇನ್ನೊಂದು. ಮಾತು ಹೆಚ್ಚಾಗಿ ಬರೋದು ನಡುವಿನದರಲ್ಲಿ. ಥಿಯೇಟರಲ್ಲಿ ಅದಕ್ಕೆ ಪರದೆಯ ಹಿಂದೆ ಬೇರೆಯೇ ಸ್ಪೀಕರ್ ಇರುತ್ತದೆ. ಮನೆಯ ಟಿವಿಯಲ್ಲಿ ಆರೂ ದಾರಿಯ ಸದ್ದನ್ನು ಎರಡು ಸಣ್ಣ ಸ್ಪೀಕರಿಗೆ ತುರುಕುತ್ತಾರೆ. ಅವೂ ಹೆಚ್ಚಾಗಿ ಕೆಳಕ್ಕೆ ಮುಖ ಮಾಡಿರುತ್ತವೆ. ನಾನು ತಂದ ಸೌಂಡ್‌ಬಾರಲ್ಲೂ ಎರಡೇ ದಾರಿ, ಜೊತೆಗೆ ಒಂದು ಗುಡುಗಿನ ಡಬ್ಬ. ನಡುವಿನ ಸ್ಪೀಕರ್ ಇಲ್ಲವೇ ಇಲ್ಲ. ಅದು 3.1, ಅಂದರೆ ಎಡ, ನಡು, ಬಲ ಮೂರೂ ಇರುವಂಥದ್ದು ಆಗಿರಬೇಕಿತ್ತು.

ದುಡ್ಡಿಲ್ಲದ ಪರಿಹಾರ ಮಗ ಹುಡುಕಿದ. ಸಿನಿಮಾ ಓಡುವಾಗ ಆಡಿಯೋ ಮೆನು ತೆಗೆದು 5.1 ಬದಲು ಬರೀ ಕನ್ನಡ ಅಂತ ಇರುವುದನ್ನು ಒತ್ತಿ. ಟಿವಿಯ ಸೌಂಡ್ ಸೆಟ್ಟಿಂಗಲ್ಲಿ ಮಾತು ಸ್ಪಷ್ಟವಾಗಲು ಒಂದು ಮೋಡ್ ಇದ್ದರೆ ಹಾಕಿ. ಈಗ 22ರಲ್ಲಿ ಇಟ್ಟರೆ ಮುಕ್ಕಾಲು ಸಿನಿಮಾ ನಡೆಯುತ್ತದೆ. ಎಂಟೂವರೆ ಸಾವಿರಕ್ಕೆ ಮೊದಲೇ ಇದನ್ನು ಮಾಡಬಹುದಿತ್ತು.

ಮನೆಯಲ್ಲೇ ನೋಡಬೇಕಾದ ಸಿನಿಮಾಗಳೂ ಇವೆ. 2023ರ 'ಸಪ್ತ ಸಾಗರದಾಚೆ ಎಲ್ಲೋ' ಎರಡೂ ಭಾಗವನ್ನು ನಾನು ರಾತ್ರಿ ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ನೋಡಿದೆ. ಅಳೋದಕ್ಕೆ ಯಾರೂ ಪಕ್ಕದಲ್ಲಿ ಇರಬಾರದು.

ನನ್ನ ಲೆಕ್ಕ ಹೀಗಿದೆ. ತಿಂಗಳಿಗೆ ಸಿನಿಮಾಗೆ ಅಂತ ಸಾವಿರ ರೂಪಾಯಿ ಎತ್ತಿಡುತ್ತೇನೆ. ಅದರಲ್ಲಿ ಊರಿನ ಥಿಯೇಟರಿಗೆ ನಾಲ್ಕು ಜನ ಹೋಗಿ, ತಿಂಡಿ ತಿಂದು, ಆಟೋದಲ್ಲಿ ವಾಪಸ್ ಬರಬಹುದು. ಬೆಂಗಳೂರು ವರ್ಷಕ್ಕೆ ಒಂದು ಸಲ, ಅದೂ ಮಗನ ಹುಟ್ಟುಹಬ್ಬಕ್ಕೆ. ಒಬ್ಬರೇ ಇರುವವರಿಗೆ, ಯಶವಂತಪುರದ ಹತ್ತಿರ ಕೆಲಸ ಮಾಡಿ ದಿನಾ ಓಡಾಡುವವರಿಗೆ ಈ ಲೆಕ್ಕ ಬೇರೆಯಾಗಬಹುದು.

ಅತ್ತೆ ಮುಂದಿನ ಸಿನಿಮಾಕ್ಕೆ ಈಗಲೇ ತಯಾರಾಗಿದ್ದಾರೆ. ಹಳೇ ಸೀರೆ ಮಡಚಿ ಸೀಟಿಗೆ ಹಾಕೋಕೆ ಒಂದು ದಿಂಬು ಹೊಲಿದಿದ್ದಾರೆ. ಸೌಂಡ್‌ಬಾರ್ ಮಗನ ರೂಮಲ್ಲಿದೆ. ಕ್ರಿಕೆಟ್ ಕಾಮೆಂಟರಿಗೆ ಚೆನ್ನಾಗಿದೆಯಂತೆ.